ಘಟ್ಟದ ಚಾರಣಕ್ಕೆ ಕೈ ಜಿಪಿಎಸ್: ಕೊಳ್ಳುವ ಮೊದಲು ನೋಡಬೇಕಾದದ್ದು, ಕೊಂಡ ಮೇಲೆ ಮಾಡಬೇಕಾದದ್ದು

ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿ, ಕಾರ್ಕಳ, ಬೆಳ್ತಂಗಡಿ ಕಡೆಯ ಓದುಗರಿಂದ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ: ಘಟ್ಟ ಹತ್ತುವುದಕ್ಕೆ ಯಾವ ಜಿಪಿಎಸ್ ತೆಗೆದುಕೊಳ್ಳಬೇಕು? ಒಂದು ಮಾದರಿಯ ಹೆಸರು ಹೇಳಿದರೆ ಈ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಹೋಲಿಕೆಯ ಪಟ್ಟಿಗಳಲ್ಲಿ ಹೆಚ್ಚಿನವು ಬಯಲು ಸೀಮೆ, ಮರುಭೂಮಿ, ಹಿಮದ ಬೆಟ್ಟಗಳಲ್ಲಿ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ಘಟ್ಟದ ಪಡುವಣ ಇಳಿಜಾರಿನಲ್ಲಿ ನಾವು ನಡೆಯುವುದು ತಲೆಯ ಮೇಲೆ ಆಕಾಶವೇ ಕಾಣದ ನಿತ್ಯಹರಿದ್ವರ್ಣ ಕಾಡಿನಲ್ಲಿ, ಎರಡೂ ಬದಿ ಗೋಡೆಯಂತೆ ಎದ್ದ ಕಣಿವೆಗಳಲ್ಲಿ ಮತ್ತು ಹತ್ತೇ ನಿಮಿಷದಲ್ಲಿ ಮಂಜು ಕವಿದು ಮುಂದಿನವರ ಬೆನ್ನೂ ಕಾಣದಂತಾಗುವ ಹುಲ್ಲಿನ ಏಣುಗಳ ಮೇಲೆ. ಈ ಮೂರು ಕಡೆ ಸಾಧನ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಆಯ್ಕೆಯ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

1. ನಿಮಗೆ ಅದು ಬೇಕೇ ಎಂದು ಮೊದಲು ತೀರ್ಮಾನಿಸಿ

ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬ ತಪ್ಪು ತಿಳಿವಳಿಕೆಯಿಂದ ಅನೇಕರು ಪ್ರತ್ಯೇಕ ಸಾಧನವನ್ನು ಹುಡುಕುತ್ತಾರೆ. ಫೋನಿನೊಳಗಿನ ಗ್ರಾಹಕ, ಅಂದರೆ ಉಪಗ್ರಹದ ಸಂಕೇತ ಹಿಡಿಯುವ ಭಾಗ, ಟವರಿನ ಹಂಗಿಲ್ಲದೆ ತಾನಾಗಿಯೇ ಸ್ಥಳ ಕಂಡುಹಿಡಿಯುತ್ತದೆ. ನೆಟ್‌ವರ್ಕ್ ಇದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿ ಬೇಗ ಸಿಗುವುದರಿಂದ ಮೊದಲ ಸ್ಥಾನ ಕ್ಷಣಾರ್ಧದಲ್ಲಿ ಬರುತ್ತದೆ, ಇಲ್ಲದಿದ್ದರೆ ಸ್ವಲ್ಪ ಕಾಯಬೇಕು, ಅಷ್ಟೇ ವ್ಯತ್ಯಾಸ. ಕಾಡಿನಲ್ಲಿ ಫೋನು ಕೈಕೊಟ್ಟಂತೆ ಕಾಣುವುದಕ್ಕೆ ನಿಜವಾದ ಕಾರಣ ನಕ್ಷೆ: ಅದನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳದೆ ಹೋದವರ ಪರದೆಯಲ್ಲಿ ಖಾಲಿ ಬೂದು ಬಣ್ಣದ ನಡುವೆ ನೀಲಿ ಚುಕ್ಕೆ ಮಾತ್ರ ಇರುತ್ತದೆ.

ಆದ್ದರಿಂದ ಗಡಾಯಿಕಲ್ಲಿಗೆ ಅರ್ಧ ದಿನ ಹೋಗಿ ಬರುವವರಿಗೆ, ಅಥವಾ ಮಾರ್ಗದರ್ಶಕರ ಜೊತೆಯಲ್ಲಿ ತುಳಿದು ಸವೆದ ದಾರಿಯಲ್ಲಿ ವರ್ಷಕ್ಕೊಮ್ಮೆ ಕುದುರೆಮುಖ ಹತ್ತುವವರಿಗೆ ಕೈ ಜಿಪಿಎಸ್‌ನ ಖರ್ಚು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಓಎಸ್‌ಎಂಆಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಂತಹ ಆ್ಯಪಿನಲ್ಲಿ ಕರ್ನಾಟಕದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಒಂದು ಪವರ್ ಬ್ಯಾಂಕ್ ಇಟ್ಟುಕೊಂಡರೆ ಅವರ ಅಗತ್ಯ ತೀರುತ್ತದೆ.

ಪ್ರತ್ಯೇಕ ಸಾಧನ ಬೇಕಾಗುವುದು ಬೇರೆ ಸಂದರ್ಭಗಳಲ್ಲಿ. ಸತತ ಎರಡು ಮೂರು ದಿನ ಹೊರಗಿರುವವರು, ತಂಡವನ್ನು ಕರೆದುಕೊಂಡು ಹೋಗುವ ಹೊಣೆ ಹೊತ್ತವರು, ಹಕ್ಕಿ, ಕಪ್ಪೆ, ಸಸ್ಯಗಳ ಸಮೀಕ್ಷೆಗೆ ಜಿನುಗು ಮಳೆಯಲ್ಲೂ ಕಾಡು ಹೊಕ್ಕುವವರು ಫೋನನ್ನು ಮಾತ್ರ ನಂಬಬಾರದು. ಒದ್ದೆ ಬೆರಳಿಗೆ ಟಚ್ ಪರದೆ ಓಗೊಡುವುದಿಲ್ಲ. ಬಂಡೆಯ ಮೇಲೆ ಒಮ್ಮೆ ಬಿದ್ದರೆ ಗಾಜು ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಪಾಯದಲ್ಲಿ 112ಕ್ಕೆ ಕರೆ ಮಾಡಬೇಕಾದ ಫೋನಿನ ಬ್ಯಾಟರಿಯನ್ನು ದಾರಿ ನೋಡುವುದಕ್ಕೇ ಮುಗಿಸುವುದು ಸರಿಯಲ್ಲ. ದಾರಿಗೆ ಒಂದು ಸಾಧನ, ಕರೆಗೆ ಇನ್ನೊಂದು ಎಂದು ಬೇರೆಯಾಗಿ ಇಟ್ಟುಕೊಳ್ಳುವುದೇ ಕೈ ಜಿಪಿಎಸ್‌ನ ಮೊದಲ ಪ್ರಯೋಜನ.

2. ಕಾನೂನಿನ ಗೆರೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ಇದನ್ನು ತಾಂತ್ರಿಕ ವಿವರಗಳಿಗಿಂತ ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಇಲ್ಲಿ ಎಡವಿದರೆ ಹಣದ ಜೊತೆಗೆ ನೆಮ್ಮದಿಯೂ ಹೋಗುತ್ತದೆ. ಉಪಗ್ರಹದಿಂದ ಬರುವ ಸಂಕೇತವನ್ನು ಕೇವಲ ಕೇಳಿಸಿಕೊಳ್ಳುವ ಸಾಮಾನ್ಯ ಜಿಪಿಎಸ್ ಸಾಧನವನ್ನು ಭಾರತದಲ್ಲಿ ಕೊಳ್ಳುವುದಕ್ಕೂ ಬಳಸುವುದಕ್ಕೂ ಅಡ್ಡಿಯಿಲ್ಲ. ಆದರೆ ಅದೇ ಆಕಾರದ, ಅದೇ ಬಣ್ಣದ ಕೆಲವು ಸಾಧನಗಳಲ್ಲಿ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸೌಲಭ್ಯವೂ ಇರುತ್ತದೆ. ಗಾರ್ಮಿನ್ ಕಂಪನಿ ಇದನ್ನು ಇನ್‌ರೀಚ್ ಎಂದು ಕರೆಯುತ್ತದೆ, ಮತ್ತು ಇದು ಇರಿಡಿಯಂ ಉಪಗ್ರಹ ಜಾಲದ ಮೇಲೆ ನಡೆಯುತ್ತದೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಂತಹ ಸಾಧನವನ್ನಾಗಲಿ ಉಪಗ್ರಹ ಫೋನನ್ನಾಗಲಿ ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ಅಪರಾಧ. 2008ರ ಮುಂಬೈ ದಾಳಿಕೋರರು ಉಪಗ್ರಹ ಫೋನ್ ಬಳಸಿದ್ದು ಬಯಲಾದ ಮೇಲೆ ಈ ವಿಷಯದಲ್ಲಿ ನಿಗಾ ಇನ್ನಷ್ಟು ಬಿಗಿಯಾಗಿದೆ. ತಿಳಿಯದೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ.

ಎಚ್ಚರಿಕೆ: ಕೊಲ್ಲಿ ದೇಶಗಳಲ್ಲಿ ಅಥವಾ ಅಮೆರಿಕದಲ್ಲಿರುವ ಅಣ್ಣನೋ ಭಾವನೋ ಊರಿಗೆ ಬರುವಾಗ ಸಾಧನ ತರಿಸಿಕೊಳ್ಳುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ತರುವವರಿಗೆ ಮಾದರಿಯ ಹೆಸರನ್ನು ಅಕ್ಷರ ಬಿಡದಂತೆ ಬರೆದು ಕೊಡಿ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 67 ಬೇರೆ, ಜಿಪಿಎಸ್‌ಮ್ಯಾಪ್ 67ಐ ಬೇರೆ. 66ಎಸ್ ಬೇರೆ, 66ಐ ಬೇರೆ. ಕೊನೆಯಲ್ಲಿ ‘ಐ’ ಅಕ್ಷರವಿದ್ದರೆ ಅದು ಸಂದೇಶ ಕಳುಹಿಸುವ ಸಾಧನ. ಚಂದಾ ಕಟ್ಟದಿದ್ದರೆ ಅದು ಬರೀ ಜಿಪಿಎಸ್ ತಾನೇ ಎಂಬ ವಾದ ಕಸ್ಟಮ್ಸ್ ಅಧಿಕಾರಿಯ ಮುಂದೆ ನಿಲ್ಲುವುದಿಲ್ಲ.

3. ಗ್ರಾಹಕ ಮತ್ತು ಆಂಟೆನಾ: ಹಣ ಹಾಕಬೇಕಾದದ್ದು ಇಲ್ಲಿ

ನೀವು ನಿಂತಿರುವ ಸ್ಥಳ ಗೊತ್ತಾಗಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಒಟ್ಟಿಗೆ ಸಿಗಬೇಕು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಜಿಪಿಎಸ್ ಉಪಗ್ರಹಗಳಿಂದ ಹೊರಟ ಸಂಕೇತ ನೆಲ ತಲುಪುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಬಯಲಿನಲ್ಲಿ, ಉದಾಹರಣೆಗೆ ಮಲ್ಪೆಯ ಕಡಲ ತೀರದಲ್ಲಿ, ಯಾವ ಅಗ್ಗದ ಸಾಧನವೂ ಮೂರರಿಂದ ಐದು ಮೀಟರಿನೊಳಗೆ ಸ್ಥಾನ ತೋರಿಸುತ್ತದೆ. ಅಂಗಡಿಯ ಮುಂದೆ ರಸ್ತೆಯಲ್ಲಿ ಪರೀಕ್ಷಿಸಿ ಚೆನ್ನಾಗಿದೆ ಎಂದು ಕೊಂಡವರು ಆಗುಂಬೆಯ ಕಾಡಿನಲ್ಲಿ ನಿರಾಶರಾಗುವುದು ಇದೇ ಕಾರಣಕ್ಕೆ.

ಕಾಡಿನಲ್ಲಿ ಆಗುವ ತೊಂದರೆ ಎರಡು ಬಗೆಯದು. ಎಲೆ ಕೊಂಬೆಗಳು ಸಂಕೇತವನ್ನು ನುಂಗುತ್ತವೆ. ಮಳೆ ನಿಂತ ಮೇಲೆ ಎಲೆಗಳಲ್ಲಿ ನೀರು ತುಂಬಿಕೊಂಡಾಗ ಇದು ಇನ್ನೂ ಹೆಚ್ಚು. ಎರಡನೆಯದು ಪ್ರತಿಫಲನ: ಉಪಗ್ರಹದಿಂದ ನೇರವಾಗಿ ಬರಬೇಕಾದ ಸಂಕೇತ ಎದುರಿನ ಬಂಡೆಗೆ ಬಡಿದು, ಸುತ್ತು ಹಾದಿಯಲ್ಲಿ ತಡವಾಗಿ ತಲುಪುತ್ತದೆ. ಸಾಧನ ದೂರವನ್ನು ಅಳೆಯುವುದು ಸಂಕೇತ ತೆಗೆದುಕೊಂಡ ಸಮಯದಿಂದ, ಮತ್ತು ಸಂಕೇತ ಒಂದು ನ್ಯಾನೋ ಸೆಕೆಂಡಿನಲ್ಲಿ 30 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ನೂರು ನ್ಯಾನೋ ಸೆಕೆಂಡಿನ ತಡ ಆ ಉಪಗ್ರಹದ ದೂರದ ಲೆಕ್ಕವನ್ನು 30 ಮೀಟರ್ ತಪ್ಪಿಸುತ್ತದೆ. ಕಾಡಿನ ತೊರೆಯ ಬದಿಯಲ್ಲಿ ಬುತ್ತಿ ಬಿಚ್ಚಿ ಅರ್ಧ ಗಂಟೆ ಕುಳಿತ ಜಾಗವನ್ನು ಮನೆಗೆ ಬಂದು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಈ ತಪ್ಪು ಕಣ್ಣಿಗೇ ಕಾಣುತ್ತದೆ. ಬೆಳಗಿನಿಂದ ಅಚ್ಚುಕಟ್ಟಾಗಿ ಬಂದ ಗೆರೆ ಅಲ್ಲಿ ಬೆಕ್ಕು ಆಡಿದ ನೂಲಿನುಂಡೆಯಂತೆ ಸಿಕ್ಕಾಗಿರುತ್ತದೆ, ಕುಳಿತಲ್ಲೇ ಕುಳಿತಿದ್ದರೂ ನಡೆದ ದೂರ ನೂರಾರು ಮೀಟರ್ ಏರಿರುತ್ತದೆ.

ಇದಕ್ಕೆ ಪರಿಹಾರವಾಗಿ ಸಾಧನದಲ್ಲಿ ಮೂರು ಸಂಗತಿಗಳನ್ನು ನೋಡಿ.

ಮೊದಲನೆಯದು ಎಷ್ಟು ದೇಶಗಳ ಉಪಗ್ರಹ ವ್ಯವಸ್ಥೆಗಳನ್ನು ಅದು ಹಿಡಿಯುತ್ತದೆ ಎಂಬುದು. ಜಿಪಿಎಸ್ ಎಂಬುದು ಅಮೆರಿಕದ ವ್ಯವಸ್ಥೆಯ ಹೆಸರು ಮಾತ್ರ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಕೂಡ ಇದೇ ಕೆಲಸಕ್ಕಿವೆ. ಕಣಿವೆಯಲ್ಲಿ ನಿಂತಾಗ ಮೇಲೆ ಕಾಣುವುದು ಆಕಾಶದ ಒಂದು ಪಟ್ಟಿ ಮಾತ್ರ. ಆ ಪಟ್ಟಿಯಲ್ಲಿ ಒಂದೇ ವ್ಯವಸ್ಥೆಯ ನಾಲ್ಕು ಉಪಗ್ರಹ ಸಿಗದೆ ಹೋಗಬಹುದು, ನಾಲ್ಕು ವ್ಯವಸ್ಥೆ ಸೇರಿದರೆ ಸಾಕಷ್ಟು ಸಿಗುತ್ತವೆ. ನಮ್ಮ ಇಸ್ರೋದ ನಾವಿಕ್ ಬಗ್ಗೆಯೂ ಹಲವರು ಅಭಿಮಾನದಿಂದ ಕೇಳುತ್ತಾರೆ. ಇದು ಭಾರತ ಮತ್ತು ಗಡಿಯಾಚೆ ಸುಮಾರು 1,500 ಕಿಲೋಮೀಟರ್ ವರೆಗಿನ ಪ್ರದೇಶಕ್ಕಾಗಿ ಏಳು ಉಪಗ್ರಹಗಳ ಲೆಕ್ಕದಲ್ಲಿ ರೂಪಿಸಿದ ವ್ಯವಸ್ಥೆ. ಆದರೆ ಮೊದಲ ತಲೆಮಾರಿನ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ಸದ್ಯಕ್ಕೆ ಅದನ್ನು ಉಳಿದವುಗಳ ಜೊತೆಗಿನ ನೆರವು ಎಂದಷ್ಟೇ ಪರಿಗಣಿಸುವುದು ಒಳ್ಳೆಯದು. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01ರಿಂದ ಹೊಸ ಪೀಳಿಗೆ ಆರಂಭವಾಗಿದೆ.

ಎರಡನೆಯದು ಬಹು ತರಂಗ, ಮಾರಾಟಗಾರರ ಮಾತಿನಲ್ಲಿ ಮಲ್ಟಿ-ಬ್ಯಾಂಡ್. ಹಳೆಯ ಸಾಧನಗಳು 1575.42 ಮೆಗಾಹರ್ಟ್ಸ್‌ನ ಎಲ್1 ಎಂಬ ಒಂದೇ ತರಂಗವನ್ನು ಕೇಳುತ್ತವೆ. ಹೊಸವು ಜೊತೆಗೆ 1176.45 ಮೆಗಾಹರ್ಟ್ಸ್‌ನ ಎಲ್5 ತರಂಗವನ್ನೂ ಕೇಳುತ್ತವೆ. ನೇರವಾಗಿ ಬಂದ ಸಂಕೇತ ಯಾವುದು, ಬಂಡೆಗೆ ಬಡಿದು ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಎಲ್5ರಲ್ಲಿ ಸುಲಭ. ಬಯಲಿನವರಿಗೆ ಇದು ಅನಗತ್ಯ ಖರ್ಚೆನಿಸಬಹುದು. ಘಟ್ಟದ ಕಾಡಿನಲ್ಲಿ ನಡೆಯುವವರು ಬೇರೆ ಯಾವ ಸೌಲಭ್ಯವನ್ನು ಬಿಟ್ಟರೂ ಇದನ್ನು ಬಿಡಬಾರದು ಎಂದು ಒತ್ತಿ ಹೇಳುತ್ತೇನೆ.

ಮೂರನೆಯದು ಆಂಟೆನಾದ ಬಗೆ. ಗಾರ್ಮಿನ್‌ನ ಇ-ಟ್ರೆಕ್ಸ್‌ನಂತಹ ಸಣ್ಣ ಸಾಧನಗಳಲ್ಲಿ ಬಿಲ್ಲೆಯಂತೆ ಚಪ್ಪಟೆಯಾದ ಆಂಟೆನಾ ಒಳಗೇ ಇರುತ್ತದೆ. ಜಿಪಿಎಸ್‌ಮ್ಯಾಪ್ ಸರಣಿಯಲ್ಲಿ ತಲೆಯ ಮೇಲೆ ಕೊಂಬಿನಂತೆ ಎದ್ದ ಭಾಗದೊಳಗೆ ಸುರುಳಿ ಆಂಟೆನಾ ಇರುತ್ತದೆ, ಮರದಡಿಯಲ್ಲಿ ಇದು ಹೆಚ್ಚು ಸ್ಥಿರ. ಬಳಸುವ ರೀತಿಯೂ ಬೇರೆ: ಬಿಲ್ಲೆಯ ಬಗೆಯದನ್ನು ಪರದೆ ಆಕಾಶ ನೋಡುವಂತೆ ಅಂಗೈ ಮೇಲೆ ಮಲಗಿಸಿ ಹಿಡಿಯಬೇಕು, ಸುರುಳಿಯದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕು.

ಎಚ್ಚರಿಕೆ: ಸಾಧನವನ್ನು ಪ್ಯಾಂಟಿನ ಜೇಬಿನಲ್ಲಿಟ್ಟು ನಡೆಯಬೇಡಿ. ನಮ್ಮ ದೇಹದ ಬಹುಪಾಲು ನೀರೇ ಆದ್ದರಿಂದ ಅರ್ಧ ಆಕಾಶವನ್ನು ಅದು ಮರೆಮಾಡುತ್ತದೆ. ಬೆನ್ನುಚೀಲದ ಹೆಗಲಪಟ್ಟಿಯ ಮೇಲ್ಭಾಗಕ್ಕೆ ಕೊಕ್ಕೆ ಹಾಕಿ ಸಿಕ್ಕಿಸಿಕೊಂಡರೆ ಗೆರೆ ನೇರವಾಗಿ ಬರುತ್ತದೆ.

4. ಗುಂಡಿ, ಪರದೆ, ನೀರು

ಬೆರಳಿನಿಂದ ಮುಟ್ಟುವ ಪರದೆಗಿಂತ ರಬ್ಬರಿನ ಗುಂಡಿಗಳಿರುವ ಸಾಧನವನ್ನೇ ಆರಿಸಿ. ಇಂಬಳ ಕಿತ್ತು, ಉಪ್ಪು ಸುಣ್ಣ ಸವರಿ, ಕೆಸರಾದ ಕೈಯಲ್ಲೇ ದಾರಿ ನೋಡಬೇಕಾದಾಗ ಗುಂಡಿಯ ಬೆಲೆ ತಿಳಿಯುತ್ತದೆ. ಪರದೆ ದೊಡ್ಡದಾಗಿರಬೇಕೆಂದಿಲ್ಲ, 2.2 ಇಂಚಿನಿಂದ 3 ಇಂಚಿನವರೆಗೆ ಇದ್ದರೆ ಸಾಕು. ಬಿಸಿಲಿನಲ್ಲಿ ಬೆಳಕಿನ ನೆರವಿಲ್ಲದೆ ಓದಲು ಬರುವುದು ಮುಖ್ಯ.

ನೀರಿನ ತಡೆಗೆ ಐಪಿಎಕ್ಸ್7 ಎಂಬ ಗುರುತು ಇರಲಿ. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಒಳಗೆ ನೀರು ಹೋಗಬಾರದು ಎಂಬುದು ಅದರ ಅರ್ಥ. ಆದರೆ ಆ ಪರೀಕ್ಷೆ ನಡೆಯುವುದು ಹೊಸ ಸಾಧನದ ಮೇಲೆ, ಸಿಹಿ ನೀರಿನಲ್ಲಿ. ಸೆಲ್ ಹಾಕುವ ಮುಚ್ಚಳದ ಸುತ್ತಲಿನ ತೆಳುವಾದ ರಬ್ಬರು ಬಳೆಯ ಮೇಲೆ ಒಂದು ಮರಳಿನ ಕಣ ಕುಳಿತರೂ ಆ ಭರವಸೆ ಉಳಿಯುವುದಿಲ್ಲ. ಸೆಲ್ ಬದಲಿಸಿದಾಗಲೆಲ್ಲ ಆ ಬಳೆಯನ್ನು ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಮುಚ್ಚಿ. ಯುಎಸ್‌ಬಿ ಕಿಂಡಿಯ ಮೇಲಿನ ರಬ್ಬರು ಬಿರಡೆ ಪೂರ್ತಿ ಒತ್ತಿ ಕೂತಿದೆಯೇ ಎಂದೂ ನೋಡಿ.

5. ವಿದ್ಯುತ್ತಿನ ಲೆಕ್ಕ

ಎರಡು ಎಎ ಸೆಲ್ ಹಾಕುವ ಸಾಧನಗಳು, ಒಳಗೇ ಲಿಥಿಯಂ ಬ್ಯಾಟರಿ ಇರುವ ಸಾಧನಗಳು ಎಂದು ಎರಡು ದಾರಿಗಳಿವೆ. ಇ-ಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ಎರಡು ಎಎ ಸೆಲ್‌ಗಳಲ್ಲಿ 25 ಗಂಟೆ, ಜಿಪಿಎಸ್‌ಮ್ಯಾಪ್ 65 ಸುಮಾರು 16 ಗಂಟೆ, ಇ-ಟ್ರೆಕ್ಸ್ ಎಸ್‌ಇ 168 ಗಂಟೆವರೆಗೆ ನಡೆಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಒಳಬ್ಯಾಟರಿಯ ಜಿಪಿಎಸ್‌ಮ್ಯಾಪ್ 67ಕ್ಕೆ 180 ಗಂಟೆಯ ಲೆಕ್ಕ ಕೊಟ್ಟಿದ್ದಾರೆ. ಇವೆಲ್ಲ ಅನುಕೂಲಕರ ಸ್ಥಿತಿಯ ಅಂಕಿಗಳು. ಪರದೆಯ ಬೆಳಕು, ಮರದಡಿಯಲ್ಲಿ ಗ್ರಾಹಕ ಪಡುವ ಶ್ರಮ ಎಲ್ಲ ಸೇರಿಸಿ ಮೂರನೇ ಎರಡು ಭಾಗವನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ.

ವಾರಾಂತ್ಯಕ್ಕೆ ಹೋಗಿ ಬರುವವರಿಗೆ ಎಎ ಸೆಲ್‌ನದೇ ಹೆಚ್ಚು ಹೊಂದುತ್ತದೆ. ಕುಕ್ಕೆ ಸುಬ್ರಹ್ಮಣ್ಯದ ಪೇಟೆಯಲ್ಲಾಗಲಿ, ಸಂಸೆಯ ಸಣ್ಣ ಅಂಗಡಿಯಲ್ಲಾಗಲಿ ಎಎ ಸೆಲ್ ಕೇಳಿ ಪಡೆಯಬಹುದು. ದಿನನಿತ್ಯದ ಬಳಕೆಗೆ ನಿಕಲ್ ಮೆಟಲ್ ಹೈಡ್ರೈಡ್ ಎಂಬ ಬಗೆಯ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ, ಸುಮಾರು 2,000 ಎಂಎಎಚ್ ಸಾಮರ್ಥ್ಯದ ನಾಲ್ಕು ಸೆಲ್ ಕೊಂಡಿಟ್ಟುಕೊಳ್ಳಿ, ಎರಡು ಸಾಧನದಲ್ಲಿ, ಎರಡು ಚೀಲದಲ್ಲಿ.

ಎಚ್ಚರಿಕೆ: ಸೆಲ್‌ನ ಬಗೆ ಯಾವುದೆಂದು ಸಾಧನದ ಸೆಟ್ಟಿಂಗ್‌ನಲ್ಲಿ ತಿಳಿಸಲೇಬೇಕು. ಚಾರ್ಜ್ ಮಾಡುವ ಸೆಲ್ 1.2 ವೋಲ್ಟಿನದು, ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟಿನದು. ಇದನ್ನು ತಿಳಿಸದಿದ್ದರೆ ಚಾರ್ಜ್ ತುಂಬಿರುವ ಸೆಲ್ಲನ್ನೂ ಸಾಧನ ಅರ್ಧ ಖಾಲಿಯೆಂದು ತೋರಿಸುತ್ತದೆ.

6. ಎತ್ತರಮಾಪಕ ಮತ್ತು ದಿಕ್ಸೂಚಿ

ಉಪಗ್ರಹದಿಂದ ಲೆಕ್ಕ ಹಾಕಿದ ಎತ್ತರ, ನೆಲದ ಮೇಲಿನ ಸ್ಥಾನಕ್ಕಿಂತ ಹೆಚ್ಚು ತಪ್ಪಾಗಿರುತ್ತದೆ. ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇದ್ದು, ಕೆಳಗಿನಿಂದ ಅಳೆಯುವುದು ಯಾವುದೂ ಇಲ್ಲದಿರುವುದು ಇದಕ್ಕೆ ಕಾರಣ. ಅದಕ್ಕಾಗಿ ಕೆಲವು ಸಾಧನಗಳಲ್ಲಿ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬಾರೋಮೀಟರ್ ಇರುತ್ತದೆ. ಕಡಲಮಟ್ಟದ ಹತ್ತಿರ ಎಂಟೊಂಬತ್ತು ಮೀಟರ್ ಏರಿದರೆ ಒತ್ತಡ ಸುಮಾರು ಒಂದು ಹೆಕ್ಟೋಪಾಸ್ಕಲ್ ಇಳಿಯುತ್ತದೆ ಎಂಬುದು ಅದರ ಲೆಕ್ಕದ ಆಧಾರ. ಮಂಜಿನಲ್ಲಿ ಇದು ಬಹಳ ಉಪಯೋಗಿ: 1,712 ಮೀಟರಿನ ಕುಮಾರ ಪರ್ವತದ ದಾರಿಯಲ್ಲಿ ಏನೂ ಕಾಣದಾದಾಗಲೂ ಇನ್ನೆಷ್ಟು ಏರಬೇಕು ಎನ್ನುವುದು ಗೊತ್ತಾಗುತ್ತದೆ, ಬೆಳಕು ಮುಗಿಯುವ ಮೊದಲು ತಿರುಗಿ ಹೊರಡಬೇಕೇ ಎಂದು ತೀರ್ಮಾನಿಸಲು ಬರುತ್ತದೆ.

ಬಾರೋಮೀಟರಿಗೆ ಗೊತ್ತಿರುವ ಎತ್ತರವನ್ನು ಹೇಳಿಕೊಡಬೇಕು. ಕರಾವಳಿಯವರಾದ ನಮಗೆ ಇದಕ್ಕಿಂತ ಸುಲಭವಾದದ್ದಿಲ್ಲ, ಪಣಂಬೂರಿನಲ್ಲೋ ಮಲ್ಪೆಯಲ್ಲೋ ನೀರಿನ ಅಂಚಿನಲ್ಲಿ ನಿಂತು ಸೊನ್ನೆ ಎಂದು ಹೊಂದಿಸಿದರಾಯಿತು. ಆದರೆ ಅದು ಎಂದೆಂದಿಗೂ ಸಾಲುವುದಿಲ್ಲ. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನವೂ ಬೆಳಿಗ್ಗೆ ಸುಮಾರು 10 ಗಂಟೆಗೆ ಏರಿ, ಸಂಜೆ ಸುಮಾರು 4 ಗಂಟೆಗೆ ಎರಡು ಮೂರು ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಒಂದೇ ಕಡೆ ಕುಳಿತಿದ್ದರೂ ಸಾಧನದಲ್ಲಿ ಎತ್ತರ ಇಪ್ಪತ್ತು ಮೀಟರ್ ಏರಿದಂತೆ ಕಂಡರೆ ಗಾಬರಿಯಾಗಬೇಡಿ. ನಕ್ಷೆಯಲ್ಲಿ ಎತ್ತರ ನಮೂದಾಗಿರುವ ಜಾಗ ಸಿಕ್ಕಿದಾಗ ಮತ್ತೆ ಹೊಂದಿಸಿ.

ದಿಕ್ಸೂಚಿಯ ವಿಷಯ ಚಿಕ್ಕದು. ಇ-ಟ್ರೆಕ್ಸ್ 22ಎಕ್ಸ್‌ನಂತಹ ಸಾಧನಗಳಲ್ಲಿ ಪ್ರತ್ಯೇಕ ದಿಕ್ಸೂಚಿ ಇರುವುದಿಲ್ಲ. ನೀವು ನಡೆಯುತ್ತಿರುವಾಗ ಮಾತ್ರ ದಿಕ್ಕು ಸರಿಯಾಗಿ ತೋರುತ್ತದೆ, ನಿಂತೊಡನೆ ಬಾಣ ಮನಬಂದಂತೆ ತಿರುಗುತ್ತದೆ. ಮಂಜಿನಲ್ಲಿ ಕವಲುದಾರಿಯ ಮುಂದೆ ನಿಂತು ಯೋಚಿಸುವಾಗ ಬೇಕಾಗುವುದೇ ನಿಂತಲ್ಲಿ ತೋರುವ ದಿಕ್ಕು. ಆದ್ದರಿಂದ ಮೂರು ಅಕ್ಷದ ಎಲೆಕ್ಟ್ರಾನಿಕ್ ದಿಕ್ಸೂಚಿ ಇರುವ 32ಎಕ್ಸ್ ಅಥವಾ 65ಎಸ್ ಕಡೆಗೆ ನನ್ನ ಒಲವು. ಸೆಲ್ ಬದಲಿಸಿದ ಪ್ರತಿ ಸಲ ಇದನ್ನು ಹೊಸದಾಗಿ ಹೊಂದಿಸಬೇಕು. ಇದರ ಜೊತೆಗೆ ಸೆಲ್ ಬೇಡದ ಸೂಜಿಯ ದಿಕ್ಸೂಚಿಯೊಂದು ಚೀಲದಲ್ಲಿ ಇದ್ದೇ ಇರಲಿ.

7. ನಕ್ಷೆ ಮತ್ತು ಅಂಕಿಗಳು

ಸಾಧನದ ಜೊತೆ ಬರುವ ಮೂಲ ನಕ್ಷೆಯಲ್ಲಿ ಹೆದ್ದಾರಿ, ಪಟ್ಟಣಗಳಷ್ಟೇ ಇರುತ್ತವೆ, ಕುದುರೆಮುಖ ಚಾರಣ ಹೊರಡುವ ಮುಳ್ಳೋಡಿಯಿಂದ ಮೇಲೇರುವ ಕಾಲುದಾರಿ ಇರುವುದಿಲ್ಲ. ವಿದೇಶದಿಂದ ತರಿಸಿದ ಸಾಧನದಲ್ಲಿ ಆ ದೇಶದ ವಿವರವಾದ ನಕ್ಷೆ ಇದ್ದು, ನಮ್ಮ ಕಡೆ ಖಾಲಿ ಇರುವುದೂ ಉಂಟು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯನ್ನು ಗಾರ್ಮಿನ್ ಸಾಧನಕ್ಕೆ ಒಗ್ಗುವ ರೂಪದಲ್ಲಿ ಉಚಿತವಾಗಿ ಇಳಿಸಿಕೊಂಡು, ಮೆಮೊರಿ ಕಾರ್ಡಿನಲ್ಲಿ ಗಾರ್ಮಿನ್ ಎಂಬ ಫೋಲ್ಡರಿನೊಳಗೆ ಹಾಕಿದರೆ ಈ ಕೊರತೆ ತುಂಬುತ್ತದೆ. ಸಮಾನ ಎತ್ತರದ ಗೆರೆಗಳಿರುವ ಆವೃತ್ತಿಯನ್ನೇ ಆರಿಸಿ. ಇ-ಟ್ರೆಕ್ಸ್ ಎಸ್‌ಇ ಕೊಳ್ಳುವವರು ಅದರಲ್ಲಿ ಇಂತಹ ವಿವರವಾದ ನಕ್ಷೆ ಹಾಕಲು ಬರುವುದಿಲ್ಲ ಎಂಬುದನ್ನು ತಿಳಿದೇ ಕೊಳ್ಳಬೇಕು.

ಕಾಗದದ ನಕ್ಷೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಮುಕ್ತ ಸರಣಿಯ ಹಾಳೆಗಳು ಇಲಾಖೆಯ ತಾಣದಲ್ಲಿ ಸಿಗುತ್ತವೆ. ಇದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಹಳೆಯ ಹಾಳೆ ಇದ್ದವರು ಒಂದು ವಿಷಯ ಗಮನಿಸಬೇಕು. ಭೂಮಿಯ ಆಕಾರವನ್ನು ಯಾವ ಲೆಕ್ಕದಲ್ಲಿ ಹಿಡಿದು ನಕ್ಷೆ ಬರೆದರು ಎಂಬ ಆಧಾರಕ್ಕೆ ಡೇಟಮ್ ಎನ್ನುತ್ತಾರೆ. ಹಳೆಯ ಹಾಳೆಗಳದು ಎವರೆಸ್ಟ್ ಆಧಾರ, ಮುಕ್ತ ಸರಣಿಯದೂ ಜಿಪಿಎಸ್‌ನದೂ ಡಬ್ಲ್ಯುಜಿಎಸ್84. ಎರಡನ್ನು ಬೆರೆಸಿದರೆ ನಮ್ಮ ಕಡೆ ನೂರು ಮೀಟರಿನಷ್ಟು ಪಕ್ಕಕ್ಕೆ ಜಾರುತ್ತೇವೆ, ಕಡಿದಾದ ಅಂಚಿನಲ್ಲಿ ಅದು ಸಣ್ಣ ತಪ್ಪಲ್ಲ.

ಅಕ್ಷಾಂಶ ರೇಖಾಂಶ ಬರೆಯುವ ಕ್ರಮದಲ್ಲಿ ಆಗುವ ತಪ್ಪು ಇದಕ್ಕಿಂತ ಬಹಳ ದೊಡ್ಡದು. ಉಡುಪಿಯ ಅಕ್ಷಾಂಶ ದಶಮಾಂಶದಲ್ಲಿ 13.34 ಡಿಗ್ರಿ. ಇದನ್ನು ಫೋನಿನಲ್ಲಿ ನೋಡಿ, ಡಿಗ್ರಿ ಮತ್ತು ಮಿನಿಟಿನ ಕ್ರಮಕ್ಕೆ ಹೊಂದಿಸಿದ ಸಾಧನದಲ್ಲಿ 13 ಡಿಗ್ರಿ 34 ಮಿನಿಟ್ ಎಂದು ತುಂಬಿದರೆ ಏನಾಗುತ್ತದೆ ನೋಡಿ. ಒಂದು ಡಿಗ್ರಿಗೆ 60 ಮಿನಿಟ್, ಆದ್ದರಿಂದ 0.34 ಡಿಗ್ರಿ ಎಂದರೆ 20.4 ಮಿನಿಟ್. ತುಂಬಿದ್ದು 34. ವ್ಯತ್ಯಾಸ 13.6 ಮಿನಿಟ್, ಒಂದು ಮಿನಿಟಿಗೆ 1.85 ಕಿಲೋಮೀಟರಿನಂತೆ ಸುಮಾರು 25 ಕಿಲೋಮೀಟರ್. ಉಡುಪಿಯೆಂದು ಗುರುತು ಹಾಕಿದ್ದು ಕುಂದಾಪುರದ ದಾರಿಯಲ್ಲಿ ಕೋಟದ ಆಸುಪಾಸಿಗೆ ಹೋಗಿ ಕುಳಿತಿರುತ್ತದೆ. ತಂಡದವರೆಲ್ಲ ಒಂದೇ ಕ್ರಮ ಬಳಸಬೇಕೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ದಶಮಾಂಶ ಡಿಗ್ರಿಯಲ್ಲಿ ಐದು ಸ್ಥಾನ ಬರೆದರೆ ಸುಮಾರು ಒಂದು ಮೀಟರಿನವರೆಗೆ ಗುರುತು ಸಿಗುತ್ತದೆ, ಎರಡೇ ಸ್ಥಾನ ಬರೆದರೆ ಒಂದು ಕಿಲೋಮೀಟರಿನಷ್ಟು ಅನಿಶ್ಚಿತ.

ಎಚ್ಚರಿಕೆ: ಬೇರೆಯವರು ನಡೆದ ದಾರಿಯ ಜಿಪಿಎಕ್ಸ್ ಕಡತ, ಅಂದರೆ ಸಾಧನಗಳ ನಡುವೆ ದಾರಿ ಗುರುತುಗಳನ್ನು ಹಂಚಿಕೊಳ್ಳುವ ಸಾಮಾನ್ಯ ರೂಪದ ಕಡತ, ಸಿಕ್ಕಿತೆಂದು ಹಾಗೆಯೇ ಹಿಂಬಾಲಿಸಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ, ಸೋಮೇಶ್ವರ, ಮೂಕಾಂಬಿಕಾ ವನ್ಯಜೀವಿ ಧಾಮಗಳಲ್ಲಿ ಹಿಂದೆ ತೆರೆದಿದ್ದ ಹಲವು ಹಾದಿಗಳು ಈಗ ಮುಚ್ಚಿರಬಹುದು. ಅರಣ್ಯ ಇಲಾಖೆಯ ಅನುಮತಿ ಯಾವ ಹಾದಿಗೆ ಇದೆಯೋ ಅದನ್ನಷ್ಟೇ ಸಾಧನಕ್ಕೆ ತುಂಬಿ.

8. ಮಾದರಿ ಆರಿಸಿ, ಪರೀಕ್ಷಿಸಿ ಕೊಳ್ಳಿ

ಮೇಲಿನದೆಲ್ಲವನ್ನೂ ಸೇರಿಸಿ ನೋಡಿದರೆ ನನ್ನ ಸಲಹೆ ಹೀಗಿದೆ. ದಟ್ಟ ಕಾಡಿನಲ್ಲಿ ನಿಯಮಿತವಾಗಿ ನಡೆಯುವವರಿಗೆ ಜಿಪಿಎಸ್‌ಮ್ಯಾಪ್ 65ಎಸ್ ಸರಿಯಾದ ಆಯ್ಕೆ: ಬಹು ತರಂಗ, ಸುರುಳಿ ಆಂಟೆನಾ, ಬಾರೋಮೀಟರ್, ದಿಕ್ಸೂಚಿ, ಎಎ ಸೆಲ್, ಗುಂಡಿ ಎಲ್ಲವೂ ಅದರಲ್ಲಿವೆ, ನಾವಿಕ್ ಸಂಕೇತವನ್ನೂ ಹಿಡಿಯುತ್ತದೆ. ಹಲವು ದಿನ ಸತತವಾಗಿ ಹೊರಗಿರುವವರು ಜಿಪಿಎಸ್‌ಮ್ಯಾಪ್ 67 ನೋಡಬಹುದು. ಬಜೆಟ್ ಕಡಿಮೆ ಇದ್ದವರು 32ಎಕ್ಸ್ ಕೊಂಡು, ಮರದಡಿಯಲ್ಲಿ ಅದರ ಮಿತಿಯನ್ನು ಒಪ್ಪಿಕೊಳ್ಳಬೇಕು. ಬಂದ ದಾರಿಯಲ್ಲೇ ಹಿಂತಿರುಗುವುದಷ್ಟೇ ಬೇಕಿದ್ದವರಿಗೆ ಎಸ್‌ಇ ಸಾಕು. ಐದು ಇಂಚಿನ ಪರದೆಯ ಮೊಂಟಾನಾ ಸರಣಿ ಜೀಪಿಗೆ ಸರಿ, ಹೆಗಲಿಗೆ ಭಾರ.

ಹಳೆಯದನ್ನು ಕೊಳ್ಳುವುದಾದರೆ ಸೆಲ್ ಮುಚ್ಚಳ ತೆಗೆದು ಒಳಗಿನ ಸ್ಪ್ರಿಂಗ್ ನೋಡಿ. ಹಸಿರು ಅಥವಾ ಬಿಳಿ ಪುಡಿ ಅಂಟಿದ್ದರೆ ಬಿಟ್ಟುಬಿಡಿ. ಗುಂಡಿಗಳ ರಬ್ಬರು ಬಿರಿದಿದೆಯೇ, ಪರದೆಯ ಮೂಲೆಯಲ್ಲಿ ಒಳಗಿನಿಂದ ಮಂಜು ಹಿಡಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಕಡಲಿಗೆ ಹೋಗಿ ಬಂದ ಸಾಧನವಾದರೆ ಉಪ್ಪಿನ ಗುರುತು ತಿರುಪುಗಳ ಸುತ್ತ ಇರುತ್ತದೆ. ಹೊಸದಾದರೆ ಭಾರತದ ವಾರಂಟಿ ಇರುವ ಬಿಲ್ ಕೇಳಿ ಪಡೆಯಿರಿ.

9. ಊರಿನಲ್ಲೇ ಅಭ್ಯಾಸ ಮಾಡಿ

ಹೊಸ ಸಾಧನವನ್ನು ಮೊದಲ ಸಲ ಚಾಲೂ ಮಾಡಿದಾಗ ಬಯಲಿನಲ್ಲಿ ಹದಿನೈದು ನಿಮಿಷ ಸುಮ್ಮನೆ ಇಡಿ. ಎಲ್ಲ ಜಿಪಿಎಸ್ ಉಪಗ್ರಹಗಳ ಅಂದಾಜು ಪಥದ ಪಟ್ಟಿ ಪೂರ್ತಿ ಇಳಿಯುವುದಕ್ಕೆ 12.5 ನಿಮಿಷ ಬೇಕು. ತಿಂಗಳುಗಟ್ಟಲೆ ಬಳಸದೆ ಇಟ್ಟ ಮೇಲೂ ಹೀಗೆಯೇ ಮಾಡಿ. ಚಾರಣದ ದಿನ ಕಾಡು ಹೊಕ್ಕುವ ಮೊದಲು, ವಾಹನ ನಿಲ್ಲಿಸಿದ ಜಾಗದಲ್ಲೇ ಚಾಲೂ ಮಾಡಿ, ಸ್ಥಾನ ಸಿಕ್ಕಿದ ಮೇಲೆ ಹೊರಡಿ. ಮರದಡಿಗೆ ಹೋದ ಮೇಲೆ ನೆನಪಾಗಿ ಚಾಲೂ ಮಾಡಿದವರು ಬಹಳ ಹೊತ್ತು ಕಾಯುತ್ತಾರೆ.

ಅಭ್ಯಾಸಕ್ಕೆ ಮಣಿಪಾಲದ ಎಂಡ್ ಪಾಯಿಂಟ್ ಅಥವಾ ಮಂಗಳೂರಿನ ಪಿಲಿಕುಳದಂತಹ ಪರಿಚಿತ ಜಾಗ ಸಾಕು. ವಾಹನ ನಿಲ್ಲಿಸಿದ ಕಡೆ ಒಂದು ವೇಪಾಯಿಂಟ್, ಅಂದರೆ ಹೆಸರಿಟ್ಟು ಉಳಿಸಿಕೊಳ್ಳುವ ಸ್ಥಳದ ಗುರುತು, ಹಾಕಿ. ಟ್ರ್ಯಾಕ್ ಎಂದರೆ ನಡೆದ ಹಾದಿಯ ಗೆರೆ. ಅದನ್ನು ದಾಖಲಿಸಲು ಆರಂಭಿಸಿ, ಒಂದು ಗಂಟೆ ಸುತ್ತಾಡಿ. ಬಳಿಕ ಟ್ರ್ಯಾಕ್‌ಬ್ಯಾಕ್ ಎಂಬ ಆಯ್ಕೆಯಿಂದ ಬಂದ ದಾರಿಯಲ್ಲೇ ಪರದೆ ನೋಡುತ್ತಾ ಹಿಂತಿರುಗಿ. ಇದನ್ನು ಮೂರು ಸಲ ಮಾಡಿದ ಮೇಲೆ ಗುಂಡಿಗಳ ಕ್ರಮ ಬೆರಳಿಗೆ ಬಂದಿರುತ್ತದೆ.

ಎಚ್ಚರಿಕೆ: ವೇಪಾಯಿಂಟ್ ಒಂದನ್ನು ಆರಿಸಿ “ಹೋಗು” ಎಂದರೆ ಸಾಧನ ತೋರಿಸುವುದು ಹಕ್ಕಿ ಹಾರುವ ನೇರ ಗೆರೆ. ನಡುವೆ ಪ್ರಪಾತವಿದೆಯೋ ತೊರೆಯಿದೆಯೋ ಅದಕ್ಕೆ ಗೊತ್ತಿಲ್ಲ. ಬಂಡಾಜೆಯಂತಹ ಜಲಪಾತದ ನೆತ್ತಿಯಲ್ಲಿ ಕೆಳಗಿನ ಹಳ್ಳಿಯ ಕಡೆಗೆ ನೇರ ಬಾಣ ತೋರುವಾಗ ಅದನ್ನು ಹಿಂಬಾಲಿಸುವುದು ಪ್ರಾಣಾಂತಿಕ. ಮಂಜು ಮುಸುಕಿದರೆ ಬಂದ ಟ್ರ್ಯಾಕಿನ ಮೇಲೆಯೇ ಹಿಂತಿರುಗಿ. ಟ್ರ್ಯಾಕಿನಿಂದ ಇಪ್ಪತ್ತು ಮೂವತ್ತು ಮೀಟರ್ ಆಚೆ ಇದ್ದಂತೆ ತೋರಿದರೆ ಕೂಡಲೇ ಪೊದೆ ನುಗ್ಗಬೇಡಿ, ಕಾಡಿನಲ್ಲಿ ಅಷ್ಟು ತಪ್ಪು ಸಹಜ. ಎರಡು ನಿಮಿಷ ನಿಂತು, ಕಾಲಡಿಯಲ್ಲಿ ತುಳಿದ ದಾರಿ ಇದೆಯೇ ಎಂದು ನೋಡಿ ಮುಂದುವರಿಯಿರಿ.

10. ಮಳೆಗಾಲಕ್ಕೆ ಎತ್ತಿಡುವ ಕ್ರಮ

ಪ್ರತಿ ಚಾರಣದಿಂದ ಬಂದ ಮೇಲೆ ಸಿಹಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಸಾಧನವನ್ನು ಒರೆಸಿ, ಫ್ಯಾನಿನ ಗಾಳಿಯಲ್ಲಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ಟ್ರ್ಯಾಕನ್ನು ಕಂಪ್ಯೂಟರಿಗೆ ಇಳಿಸಿ, ದಿನಾಂಕ ಮತ್ತು ಊರಿನ ಹೆಸರಿನಲ್ಲಿ ಉಳಿಸಿಕೊಳ್ಳಿ. ಜೂನ್ ಹತ್ತಿರ ಬಂದಾಗ ಸೆಲ್‌ಗಳನ್ನು ಹೊರಗೆ ತೆಗೆಯಲೇಬೇಕು. ಒಂದು ವರ್ಷ ಆಲ್ಕಲೈನ್ ಸೆಲ್ ತೆಗೆಯದೆ ಕಪಾಟಿನಲ್ಲಿಟ್ಟ ನನ್ನ ಮೊದಲ ಸಾಧನವನ್ನು ಸೆಪ್ಟೆಂಬರಿನಲ್ಲಿ ತೆರೆದಾಗ ಸೆಲ್ ಸೋರಿ, ಒಂದು ಕಡೆಯ ಸ್ಪ್ರಿಂಗ್ ಪೂರ್ತಿ ತಿಂದುಹೋಗಿತ್ತು, ರಿಪೇರಿ ಸಾಧ್ಯವಾಗಲಿಲ್ಲ. ಒಳಬ್ಯಾಟರಿಯ ಸಾಧನವಾದರೆ ಅರ್ಧ ಚಾರ್ಜ್ ಮಾಡಿ ಇಡಿ, ಎರಡು ತಿಂಗಳಿಗೊಮ್ಮೆ ನೋಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಸಾಧನವನ್ನೂ ಸೆಲ್‌ಗಳನ್ನೂ ಬೇರೆ ಬೇರೆ ಚೀಲದಲ್ಲಿಟ್ಟು, ಹೊರಗೋಡೆಗೆ ತಾಗದ, ಅಡುಗೆಮನೆಯ ಹಬೆ ತಲುಪದ ಕಪಾಟಿನಲ್ಲಿ ಇಡಿ.